ಇಳಕಲ್ಲಿನ ಧೂಳು, ನವಮಿಯ ವಿಭೂತಿ

ಈ ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಎಸಿ ಕೆಟ್ಟಿತು. ಹುನಗುಂದದಿಂದ ಬಂದ ಮೆಕ್ಯಾನಿಕ್ ಪೈಪಿನೊಳಗಿನ ಗಾಳಿ ಎಳೆಯಲು ಒಂದು ಸಣ್ಣ ಪಂಪನ್ನು ನೆಲದ ಮೇಲಿಟ್ಟು ಚಾಲೂ ಮಾಡಿದ. ಅದು ಟಕಟಕ ಎಂದು ಓಡತೊಡಗಿತು, ಸ್ವಲ್ಪ ಹೊತ್ತಿಗೆ ಕಾದ ಎಣ್ಣೆಯ ತೆಳುವಾದ ಹೊಗೆ ಬಂತು. ವ್ಯಾಕ್ಯೂಮ್ ಪಂಪಿನ ಎಣ್ಣೆಗೆ ಅದರದೇ ಒಂದು ವಾಸನೆ. ಅಡುಗೆ ಎಣ್ಣೆಯದಲ್ಲ, ಗಾಡಿಯದೂ ಅಲ್ಲ. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಿವಿ ಬಿಸಿಯಾದವು.

"ಯಾಕ್ರಿ ಮೇಡಂ, ವಾಸನಿ ಆಗಂಗಿಲ್ಲೇನ್ರಿ?" ಎಂದ ಮೆಕ್ಯಾನಿಕ್.

"ಹೂಂ, ಆಗಂಗಿಲ್ಲ" ಎಂದು ಹೊರಗೆ ಬಂದೆ. ಪಾಪ, ಅವನ ಮೇಲೆ ಸಿಟ್ಟಲ್ಲ. ನನಗೆ ಸಿಟ್ಟಿರುವುದು ಬಾಗಲಕೋಟೆಯ ಒಂದು ದಸರೆಯ ಮೇಲೆ. ವರ್ಷಗಳು ಕಳೆದವು. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಬುದ್ಧಿ ಹೇಳುವವರು ಯಾರಾದರೂ ಇದ್ದರೆ ಒಮ್ಮೆ ನನ್ನೆದುರು ಬಂದು ಕೂಡಲಿ, ಮಾತಾಡೋಣ.

ಆಗ ನಾನು ಬಾಗಲಕೋಟೆ ನವನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗೆ ಮಾತ್ರ. ನಮ್ಮ ಕಡೆ ಅತಿಥಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಕೆಲಸ ಕೇಳುತ್ತಾರೆ. ಇಲ್ಲಿ ಬರೀ ಕೆಲಸ. ಪಿಎಚ್‌ಡಿ ಮುಗಿಸಿದರೆ ಕಾಯಂ ಆಗುವ ದಾರಿಯಿತ್ತು. ಮುಗಿಸಲು ನನಗಿದ್ದದ್ದು ಅದೇ ಕಡೆಯ ವರ್ಷ. ಯುನಿವರ್ಸಿಟಿಯವರು ಒಮ್ಮೆ ಅವಧಿ ಹೆಚ್ಚಿಸಿ ಕೊಟ್ಟಿದ್ದರು. ಡಿಸೆಂಬರಿನೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ನನ್ನ ಗೈಡ್ ಹಿರೇಗೌಡರ ಸರ್. ವಿಭಾಗದ ಮುಖ್ಯಸ್ಥರೂ ಅವರೇ. ಹೀಗಾಗಿ ನನ್ನ ಇಂದಿನ ಅನ್ನ, ನಾಳಿನ ಅನ್ನ ಎರಡೂ ಅವರ ಕೈಯಲ್ಲಿದ್ದವು. ಅವರು ಎಂದೂ ದನಿ ಏರಿಸಿದವರಲ್ಲ. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಬಾಯಿ ಬೆಲ್ಲ, ಕರುಳು ಕತ್ತರಿ ಎಂದು ಅವ್ವ ಯಾರ ಬಗ್ಗೆಯೋ ಆಗಾಗ ಹೇಳುವುದನ್ನು ಕೇಳಿದ್ದೆ. ಅಂಥವರು ನೋಡಲು ಹೇಗಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ವಿಷಯ ಧೂಳು. ಪ್ಲಾಸ್ಮಾದಲ್ಲಿ ಧೂಳಿನ ಕಣಗಳು ವಿದ್ಯುತ್ತನ್ನು ಹೇಗೆ ಮೈಗೇರಿಸಿಕೊಳ್ಳುತ್ತವೆ, ಎಷ್ಟು ಏರಿಸಿಕೊಳ್ಳುತ್ತವೆ ಎಂಬುದು. ಸ್ಟಾಫ್‌ರೂಮಿನಲ್ಲಿ ಇದಕ್ಕಿಂತ ದೊಡ್ಡ ನಗೆಚಾಟಿಕೆ ಬೇರೆ ಇರಲಿಲ್ಲ. "ಧೂಳಿನ ಮ್ಯಾಲೆ ಪಿಎಚ್‌ಡಿ ಯಾಕ್ರಿ, ಕಸಬರಿಗಿ ಹಿಡಿದ್ರ ಆತಲ್ಲ!" ಎಂದು ಇತಿಹಾಸದ ಮೇಷ್ಟ್ರು ಅಂದರೆ, ಉಳಿದವರು ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ನಗುತ್ತಿದ್ದರು. ರಸಾಯನಶಾಸ್ತ್ರದ ಶಬಾನಾ ಮಾತ್ರ ನಗುತ್ತಿರಲಿಲ್ಲ. ಅವಳು ನನ್ನ ರೂಮಿನವಳು. ನಾನು ಬೆಳಿಗ್ಗೆ ಲ್ಯಾಬಿಗೆ ಹೋಗಿ ಸಂಜೆ ಎಂಥ ಮುಖ ಹೊತ್ತು ಬರುತ್ತೇನೆಂಬುದನ್ನು ದಿನವೂ ನೋಡುತ್ತಿದ್ದವಳು.

ಧೂಳು ಎಂದರೆ ಯಾವ ಧೂಳು? ಈ ವಿಷಯದಲ್ಲಿ ಹೊರದೇಶದವರು ಕೆಲಸ ಮಾಡುವುದು ಹೆಚ್ಚಾಗಿ ಅಂಗಡಿಯಿಂದ ತರಿಸಿದ ಪ್ಲಾಸ್ಟಿಕ್ ಹರಳುಗಳ ಮೇಲೆ. ಎಲ್ಲವೂ ಒಂದೇ ಅಳತೆ, ಸಾಸಿವೆಯ ಹಾಗೆ ದುಂಡಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಾಸಿವೆ. ಆದರೆ ಚಂದ್ರನ ಮೇಲಿನ ಧೂಳು ದುಂಡಗಿಲ್ಲ, ಕಾರ್ಖಾನೆಯ ಹೊಗೆಯೊಳಗಿನದೂ ದುಂಡಗಿಲ್ಲ. ಮೂಲೆ, ಚೂಪು, ಸೀಳು ಇರುವ ಕಣ ಎಷ್ಟು ವಿದ್ಯುತ್ ಹಿಡಿಯುತ್ತದೆ? ಇದು ನನ್ನ ಪ್ರಶ್ನೆ. ಪ್ರಶ್ನೆ ನನ್ನದೇ, ಗೈಡ್ ಕೊಟ್ಟದ್ದಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದು ಮುಂದೆ ತಿಳಿಯುತ್ತದೆ.

ಮೂಲೆ ಚೂಪಿನ ಧೂಳು ಬೇಕೆಂದರೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕಗಳ ಹಿಂದೆ ಅದು ಕೆಸರಾಗಿ ಹರಿದು, ಒಣಗಿ, ದಿಬ್ಬದಂತೆ ಬಿದ್ದಿರುತ್ತದೆ. ಫೆಬ್ರುವರಿಯಲ್ಲಿ ಅಮೀನಗಡ, ಹುನಗುಂದ ಹಾಯ್ದು ಬಸ್ಸಿನಲ್ಲಿ ಹೋಗಿ ಸ್ಟೀಲಿನ ಊಟದ ಡಬ್ಬಿ ತುಂಬಿಸಿಕೊಂಡು ಬಂದೆ. ಅಲ್ಲಿಯ ಕಾವಲುಗಾರ "ಇದನ್ನ ಏನ್ ಮಾಡ್ತೀರಿ ಯಕ್ಕಾ, ಹಲ್ಲು ತಿಕ್ಕಾಕೇನು?" ಎಂದು ಕೇಳಿದ್ದ. ಡಬ್ಬಿ ತುಂಬ ಧೂಳಿದ್ದರೂ ನನಗೆ ಬೇಕಾದದ್ದು ಅದರಲ್ಲಿ ಚಿಟಿಕೆಯಷ್ಟು. ಎತ್ತರದ ಗಾಜಿನ ಕೊಳವೆಗಳಲ್ಲಿ ನೀರು ತುಂಬಿ, ಧೂಳನ್ನು ಕದಡಿ ಬಿಡಬೇಕು. ದಪ್ಪ ಕಣ ಮೊದಲು ತಳ ಸೇರುತ್ತದೆ, ಸಣ್ಣದು ಆಮೇಲೆ, ತೀರ ಸಣ್ಣದು ದಿನಗಟ್ಟಲೆ ನೀರಲ್ಲೇ ತೂಗಾಡುತ್ತಿರುತ್ತದೆ. ಮೇಲಿನ ನೀರನ್ನು ಅಲುಗದ ಹಾಗೆ ಬಸಿಯಬೇಕು, ಮತ್ತೆ ಬಿಡಬೇಕು, ಮತ್ತೆ ಬಸಿಯಬೇಕು. ಯಾರಾದರೂ ಬಾಗಿಲು ಧಡಾರನೆ ಹಾಕಿದರೆ ಮೊದಲಿನಿಂದ ಶುರು. ಇಡೀ ಬೇಸಿಗೆ ಹೀಗೆ ಹೋಯಿತು. ಕಡೆಗೆ ದಪ್ಪ, ಸಣ್ಣ ಎಂದು ಎರಡು ಅಳತೆಯ ಕಣಗಳು ಎರಡು ಪುಟ್ಟ ಬಾಟಲಿಗಳ ತಳದಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ಉಳಿದವು.

ಯಂತ್ರವೂ ನಾನೇ ಎಬ್ಬಿಸಿದ್ದು. ವಿಭಾಗದ ಮೂಲೆಯಲ್ಲಿ ಹಳೆಯದೊಂದು ವ್ಯಾಕ್ಯೂಮ್ ಯಂತ್ರ ಹೊದಿಕೆ ಹೊದ್ದು ಬಿದ್ದಿತ್ತು. ದೇವರ ಗಂಟೆಯ ಆಕಾರದ ದೊಡ್ಡ ಗಾಜಿನ ಜಾಡಿ, ಅದರ ಕೆಳಗೊಂದು ಪಂಪು. ರಬ್ಬರ್ ಬಳೆ ಬದಲಿಸಿದೆ. ಲೇಥಿನ ಅಂಗಡಿಯಲ್ಲಿ ಎರಡು ಸ್ಟೀಲ್ ತಟ್ಟೆ ಮಾಡಿಸಿ ಜಾಡಿಯೊಳಗೆ ಮೇಲೊಂದು ಕೆಳಗೊಂದು ಕೂರಿಸಿದೆ. ಮೇಲಿನ ತಟ್ಟೆಯ ಪಕ್ಕಕ್ಕೆ ಉಪ್ಪಿನ ಡಬ್ಬಿಯಂಥ ಪುಟ್ಟ ಜರಡಿಡಬ್ಬಿ. ಹೊರಗಿನಿಂದ ಗುಂಡಿ ಒತ್ತಿದರೆ ಅದು ಅಲುಗಿ ಒಂದಿಷ್ಟು ಧೂಳು ಉದುರಿಸುತ್ತದೆ.

ಗುಳೇದಗುಡ್ಡದಲ್ಲಿ ನಮ್ಮದು ಕುಪ್ಪಸದ ಖಣ ನೇಯುವ ಮನೆ. ಅಪ್ಪನಿಗೆ ಧೂಳೆಂದರೆ ಮಗ್ಗದ ವೈರಿ. "ನಾ ಹುಟ್ಟಿದಾಗಿಂದ ಧೂಳ ಝಾಡಿಸಿಕೋತ ಬಂದೀನಿ, ನೀ ಅದನ್ನ ಸಾಕಾಕತ್ತೀಯಲ್ಲ" ಎಂದು ನಗುತ್ತಿದ್ದ. ಒಂದು ಭಾನುವಾರ ಮಗ್ಗದ ಪಕ್ಕ ಕೂತು ಅವನಿಗೆ ತಿಳಿಸಿ ಹೇಳಿದೆ. "ಅಪ್ಪಾ, ಜಾಡಿಯೊಳಗಿನ ಗಾಳಿ ಹೆಚ್ಚು ಕಡಿಮಿ ಎಲ್ಲಾ ತಗದು ಕರೆಂಟ್ ಕೊಟ್ಟರ, ಉಳಿದ ಗಾಳಿ ಒಡದು ಎರಡು ಭಾಗ ಆಕ್ಕೈತಿ. ಎಲೆಕ್ಟ್ರಾನು ಅಂತ ಹಗುರಾನವು, ಭಾಳ ಚುರುಕು. ಅಯಾನು ಅಂತ ದಪ್ಪನವು, ನಿಧಾನ. ಇದಕ್ಕ ಪ್ಲಾಸ್ಮಾ ಅಂತಾರ, ನೇರಳಿ ಬಣ್ಣದಾಗ ಬೆಳಗತೈತಿ. ಅದರಾಗ ಒಂದು ಧೂಳಿನ ಕಣ ಬಿತ್ತಂದ್ರ, ಅದರ ಮೈಮ್ಯಾಲೆ ಮೊದಲು ಯಾರು ಬಂದು ಕೂಡ್ತಾರ ಹೇಳು?"

"ಬಸ್ಸಿನ ಕಿಡಿಕ್ಯಾಗ ಟವೆಲ್ ಒಗದು ಸೀಟ್ ಹಿಡಿಯೋ ಹುಡುಗೂರು" ಎಂದ ಅಪ್ಪ.

ನಾನು ಎಷ್ಟು ತರಗತಿಗಳಲ್ಲಿ ಎಷ್ಟು ಚಿತ್ರ ಬರೆದು ವಿವರಿಸಿದ್ದೆನೋ! ಅಪ್ಪನ ಟವೆಲ್ಲು ಅವೆಲ್ಲಕ್ಕಿಂತ ಚೆನ್ನಾಗಿತ್ತು. ಚುರುಕಿನ ಎಲೆಕ್ಟ್ರಾನುಗಳು ಮೊದಲು ಬಂದು ಕೂರುತ್ತವೆ. ಕೂತವು ತಮ್ಮಂಥವೇ ಇನ್ನಷ್ಟು ಬಂದರೆ ಜಾಗ ಇಲ್ಲ ಎಂದು ಹೊರಗೆ ದೂಡುತ್ತವೆ. ದಪ್ಪ ಅಯಾನುಗಳನ್ನು ಮಾತ್ರ ಹತ್ತಿರ ಎಳೆದುಕೊಳ್ಳುತ್ತವೆ. ಬರುವ ಎಲೆಕ್ಟ್ರಾನುಗಳೂ ಅವನ್ನು ಕಳೆಯುವ ಅಯಾನುಗಳೂ ಸಮ ಆದಲ್ಲಿಗೆ ಕಣದ ಲೆಕ್ಕ ನಿಲ್ಲುತ್ತದೆ. ಅಷ್ಟರಲ್ಲಿ ಅದರ ಮೈಮೇಲೆ ಸಾವಿರಾರು ಎಲೆಕ್ಟ್ರಾನು ಕೂತಿರುತ್ತವೆ. ಕೆಳಗಿನ ತಟ್ಟೆಯೂ ಅದೇ ಜಾತಿಯ ವಿದ್ಯುತ್ತಿನದಾದ್ದರಿಂದ ಕಣವನ್ನು ಮೇಲಕ್ಕೆ ದೂಡುತ್ತದೆ, ತೂಕ ಕೆಳಗೆ ಎಳೆಯುತ್ತದೆ. ಎರಡೂ ಸರಿಹೋದ ಎತ್ತರದಲ್ಲಿ ಧೂಳು ಬೀಳದೆ ನಿಲ್ಲುತ್ತದೆ. ತಟ್ಟೆಯ ವಿದ್ಯುತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಕಣಗಳು ಅಲ್ಲೇ ಮೇಲೆ ಕೆಳಗೆ ಕುಣಿಯುತ್ತವೆ. ಯಾವ ಲಯಕ್ಕೆ ಹೆಚ್ಚು ಕುಣಿಯುತ್ತವೆ ಎಂದು ನೋಡಿದರೆ ಅವುಗಳ ಮೈಮೇಲೆ ಎಷ್ಟು ವಿದ್ಯುತ್ತಿದೆ ಎಂದು ಲೆಕ್ಕ ಹಾಕಬಹುದು.

ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಮಧ್ಯಾಹ್ನ ಶಬಾನಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗುಂಡಿ ಒತ್ತಿದೆ. ನೇರಳೆ ಬೆಳಕಿನ ಅಡಿಯಲ್ಲಿ, ತಟ್ಟೆಯಿಂದ ಬೆರಳ ಅಗಲದಷ್ಟು ಮೇಲೆ, ಇಳಕಲ್ಲಿನ ಕಲ್ಲು ಗಾಳಿಯಿಲ್ಲದ ಜಾಗದಲ್ಲಿ ನಿಂತಿತು. ಲೇಸರಿನ ಹಸಿರು ಬೆಳಕು ಬಿಟ್ಟಾಗ ಒಂದೊಂದು ಕಣವೂ ಬೇರೆ ಬೇರೆ ಹೊಳೆಯಿತು. ಶಬಾನಾ "ಯಾ ಅಲ್ಲಾ" ಎಂದು ನನ್ನ ತೋಳು ಹಿಡಿದಳು. ನಾನು ಅತ್ತೆ. ಅದೊಂದೇ ಸಲ ಆ ವರ್ಷದಲ್ಲಿ ನಾನು ಖುಷಿಗೆ ಅತ್ತದ್ದು. ಹಿರೇಗೌಡರ ಸರ್ ಬಂದು ಬಗ್ಗಿ ನೋಡಿ "ಚಲೋ ಆತು ತಂಗಿ" ಎಂದರು. ಕೈಗಡಿಯಾರ ನೋಡಿಕೊಂಡು ಹೋದರು.

ಆ ಅಳತೆಯ ಕಣಗಳ ಕೆಲಸ ಬೇಗ ಮುಗಿಯಿತು. ಇನ್ನೂ ಸಣ್ಣ ಅಳತೆಯದು ಬಾಕಿ ಉಳಿಯಿತು. ನನ್ನ ಪ್ರಶ್ನೆಯ ಅರ್ಧ ಉತ್ತರ ಅದರಲ್ಲಿತ್ತು, ಪ್ರಬಂಧದ ಕೊನೆಯ ಅಧ್ಯಾಯವೂ ಅದೇ. ಅಷ್ಟರಲ್ಲಿ ಮಳೆ ಬಂತು. ನಮ್ಮ ಸೀಮೆಗೆ ಮಳೆ ಬಂದರೆ ಯಾರೂ ಬೈಯುವುದಿಲ್ಲ, ಬೈದರೆ ಪಾಪ ಬರುತ್ತದೆ. ನಾನು ಬೈದೆ. ಎಲ್ಲೆಲ್ಲೂ ತೇವ. ಸಣ್ಣ ಧೂಳು ತೇವ ಕುಡಿದು ಗಂಟು ಗಂಟಾಗುತ್ತದೆ, ಒಂಟಿ ಕಣ ಸಿಗುವುದಿಲ್ಲ. ಜಾಡಿಯ ಗೋಡೆಗೂ ನೀರಿನಂಶ ಅಂಟಿ, ಪಂಪು ದಿನವಿಡೀ ಓಡಿದರೂ ಬೇಕಾದಷ್ಟು ಬರಿದಾಗುವುದಿಲ್ಲ. ಶ್ರಾವಣ ಹೋಯಿತು, ಗಣಪತಿ ಬಂದು ಹೋದ. ಎರೆಹೊಲಗಳು ಕಾಲಿಟ್ಟರೆ ಚಪ್ಪಲಿ ಬಿಡದಷ್ಟು ಅಂಟಾಗಿದ್ದವು. ದಸರೆಯ ಹೊತ್ತಿಗೆ ಗಾಳಿ ತಿರುಗಿ ಒಣಹವೆ ಬರುತ್ತದೆ, ಆಗ ಅಕ್ಟೋಬರ್ ನವೆಂಬರ್ ಎರಡು ತಿಂಗಳಿದ್ದರೆ ಸಾಕು ಎಂದು ದಿನ ನೂಕಿದೆ.

ಗಾಳಿ ತಿರುಗಿತು. ನವಮಿಗೆ ಮೊದಲಿನ ದಿನಗಳಲ್ಲಿ ಸಣ್ಣ ಧೂಳನ್ನು ಬಿಸಿಯಲ್ಲಿ ಒಣಗಿಸಿ ಒಂದಿಷ್ಟನ್ನು ಜರಡಿಡಬ್ಬಿಗೆ ತುಂಬಿದೆ, ಉಳಿದದ್ದು ಬಾಟಲಿಯಲ್ಲಿ. ಜಾಡಿ ಮುಚ್ಚಿ, ಕರೆಂಟ್ ಹೋದರೂ ನಿಲ್ಲದ ಹಾಗೆ ಪಂಪನ್ನು ಇನ್ವರ್ಟರಿಗೆ ಜೋಡಿಸಿ ಓಡಲು ಬಿಟ್ಟೆ. ಹಬ್ಬದ ರಜೆ ಮುಗಿಯುವಷ್ಟರಲ್ಲಿ ಜಾಡಿ ಪೂರ್ತಿ ಒಣಗಿರಬೇಕು, ಬಂದವಳೇ ಅಳತೆ ಶುರು ಮಾಡಬೇಕು ಎಂಬುದು ಲೆಕ್ಕ. "ದಯವಿಟ್ಟು ಯಾರೂ ಮುಟ್ಟಬೇಡಿ" ಎಂದು ದೊಡ್ಡದಾಗಿ ಬರೆದು ಅಂಟಿಸಿದೆ. ಸರ್ ಬಳಿ ಹೋಗಿ ಬಾಯಲ್ಲೂ ಹೇಳಿದೆ. "ನಾ ಅದೀನಲ್ಲ ತಂಗಿ, ಬಿಂದಾಸ ಹೋಗಿ ಬಾ" ಎಂದರು. ಲ್ಯಾಬಿನ ಇನ್ನೊಂದು ಕೀಲಿ ಇದ್ದದ್ದು ಅವರ ಹತ್ತಿರವೇ.

ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ಮಗ್ಗಕ್ಕೆ ಪೂಜೆ. ಅಂದು ನೇಯುವುದಿಲ್ಲ. ಲಾಳಿ, ಕತ್ತರಿ, ಎಲ್ಲವನ್ನೂ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆಯುತ್ತಾರೆ. ಅಪ್ಪ ಮೂರು ಬೆರಳಿನಿಂದ ಮಗ್ಗದ ಕಟ್ಟಿಗೆಗೆ ವಿಭೂತಿ ಎಳೆಯುವಾಗ ಮಗ್ಗ ನಮ್ಮ ಮನೆಯ ಹಿರಿಯನಂತೆ ಕಾಣುತ್ತದೆ. ನಾನೂ ಕೈಮುಗಿದೆ. ವಿಭೂತಿಯ ಮೇಲೆ ನನಗೆ ಅಂದೂ ಸಿಟ್ಟಿಲ್ಲ, ಇಂದೂ ಇಲ್ಲ. ಇದನ್ನೂ ಒತ್ತಿ ಬರೆಯುತ್ತಿದ್ದೇನೆ. ಹೋಳಿಗೆಯ ಊಟಕ್ಕೆ ಕೂರುವ ಹೊತ್ತಿಗೆ ಶಬಾನಾ ಒಂದು ವಿಡಿಯೋ ಕಳಿಸಿದಳು. ಕೆಳಗೆ ಒಂದೇ ಸಾಲು: "ಗಿರಿಜಾ, ಇದನ್ನು ನೋಡಿ ತಕ್ಷಣ ಫೋನ್ ಮಾಡು."

ವಿಡಿಯೋದಲ್ಲಿ ನನ್ನ ಜಾಡಿ. ಅದಕ್ಕೆ ಚೆಂಡುಹೂವಿನ ಮಾಲೆ. ಸುತ್ತ ಜನ, ನಡುವೆ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು, ಪಕ್ಕದಲ್ಲಿ ಹಿರೇಗೌಡರ ಸರ್. ಜಾಡಿಯೊಳಗೆ ನೇರಳೆ ಬೆಳಕು, ಅದರಲ್ಲಿ ಹಸಿರಾಗಿ ಹೊಳೆಯುವ ಒಂದು ತೆಳು ಪದರ. ಸರ್ ಹೇಳುತ್ತಿದ್ದರು: "ನೋಡ್ರಿ ಅಧ್ಯಕ್ಷರ, ಇದು ಶುದ್ಧ ವಿಭೂತಿ. ಯಾ ಆಧಾರ ಇಲ್ಲದ ನಿಂತೈತಿ. ಭಾಳ ವರ್ಷದ ತಪಸ್ಸರಿ ನಂದು." ಅಧ್ಯಕ್ಷರು ಚಪ್ಪಲಿ ಬಿಟ್ಟು ಕೈಮುಗಿದರು. ಯಾರೋ ಜೈಕಾರ ಹಾಕಿದರು. ಅಷ್ಟು ಹೊತ್ತಿಗಾಗಲೇ ಆ ವಿಡಿಯೋ ಊರೂರು ತಿರುಗುತ್ತಿತ್ತು, "ಬಾಗಲಕೋಟೆಯಲ್ಲಿ ವಿಭೂತಿ ಪವಾಡ" ಎಂಬ ತಲೆಬರಹದೊಂದಿಗೆ.

ಅಪ್ಪ ನನ್ನ ಹೆಗಲ ಮೇಲಿಂದ ನೋಡಿದ. ಅವನ ಹಣೆಯ ಮೇಲೆ ಆಗಷ್ಟೇ ಎಳೆದ ವಿಭೂತಿ ಇತ್ತು. "ವಿಭೂತಿ ಹಣಿಗೆ ಹಚ್ಚೋದವಾ, ಹಿಂಗ ಆಟ ಆಡಾಕಲ್ಲ" ಎಂದ. ಊಟ ಮಾಡದೆ ಬಸ್ಸು ಹತ್ತಿದೆ. ಅವ್ವ ಹಿಂದಿನಿಂದ ಹಬ್ಬದ ದಿನ ಉಪವಾಸ ಹೋಗಬ್ಯಾಡ ಎಂದು ಕೂಗುತ್ತಲೇ ಇದ್ದಳು.

ಲ್ಯಾಬಿನಲ್ಲಿ ಶಬಾನಾ ಒಬ್ಬಳೇ ನಿಂತಿದ್ದಳು. ನಡೆದದ್ದನ್ನು ಹೇಳಿದಳು. ಬೆಳಿಗ್ಗೆ ಸರ್ ಬೀಗ ತೆಗೆಸಿ, ಪಂಪು ನಿಲ್ಲಿಸಿ, ಜಾಡಿ ಎತ್ತಿಸಿ, ಆಯುಧಪೂಜೆಗೆಂದು ಎಲ್ಲವನ್ನೂ ನೀರು ಹಾಕಿ ತೊಳೆಸಿದ್ದರು. ತಟ್ಟೆಗಳಿಗೆ ವಿಭೂತಿ, ಕುಂಕುಮ. ಇಷ್ಟೇ ಆಗಿದ್ದರೆ ಯಾರೋ ಭಕ್ತಿಯಿಂದ ಮಾಡಿದ್ದು ಎಂದು ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಅವರು ಜರಡಿಡಬ್ಬಿ ಬಿಚ್ಚಿ, ನನ್ನ ಧೂಳು ಝಾಡಿಸಿ ಚೆಲ್ಲಿ, ವಿಭೂತಿ ಗಟ್ಟಿಯನ್ನು ಪುಡಿ ಮಾಡಿಸಿ ಅದರಲ್ಲಿ ತುಂಬಿಸಿದ್ದರು. ಅಂದರೆ ಯೋಚನೆ ಮಾಡಿಯೇ ಮಾಡಿದ್ದು. ಜೂನ್‌ನಲ್ಲಿ ಬಗ್ಗಿ ನೋಡಿದಾಗಲೇ ಅವರ ತಲೆಯಲ್ಲಿ ಇದು ಹೊಕ್ಕಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಮಾತಿದೆ. ನನ್ನ ವಿಷಯದಲ್ಲಿ ದುಡ್ಡಿನ ಬದಲು ಬೇಸಿಗೆ ಖರ್ಚಾಗಿತ್ತು.

ಅಧ್ಯಕ್ಷರು ಹೋದಮೇಲೂ ಬಂದ ಬಂದವರಿಗೆಲ್ಲ ಪವಾಡ ತೋರಿಸಿದ್ದಾರೆ. ತಟ್ಟೆಯ ಮೇಲಿದ್ದ ಕುಂಕುಮ ಕಿಡಿ ಹಾರಿ ಸುಟ್ಟು ಕಪ್ಪು ಕಲೆಗಳಾಗಿದ್ದವು. ತೊಳೆಸುವಾಗ ಇನ್ವರ್ಟರಿನಿಂದ ಕಿತ್ತ ಪಂಪಿನ ವೈರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದರು, ನಡುವೆ ಕರೆಂಟ್ ಹೋಗಿದೆ. ಪಂಪು ನಿಂತ ಕೂಡಲೇ ಒಂದು ತಿರುಪು ತಿರುವಿ ಗಾಳಿ ಒಳಬಿಡಬೇಕು, ಇಲ್ಲದಿದ್ದರೆ ಬರಿದಾದ ಜಾಡಿ ಪಂಪಿನ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ತಪಸ್ಸು ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಜಾಡಿಯ ಒಳಗೆಲ್ಲ ಎಣ್ಣೆ ಬಳಿದಿತ್ತು, ಎಣ್ಣೆಯಲ್ಲಿ ವಿಭೂತಿ ಕಲಸಿ ಬೂದುಬಣ್ಣದ ರಾಡಿಯಾಗಿತ್ತು. ಕೋಣೆ ತುಂಬ ಊದುಬತ್ತಿ ಮತ್ತು ಆ ಕಾದ ಎಣ್ಣೆಯ ವಾಸನೆ.

ಸರ್ ತಮ್ಮ ಕೋಣೆಯಲ್ಲಿದ್ದರು. ಮೇಜಿನ ಮೇಲೆ ಫೇಡೆಯ ಪೆಟ್ಟಿಗೆ.

"ಬಾ ತಂಗಿ, ಬಾ. ಫೇಡೆ ತಗೋ. ಇವತ್ತ ನಿನ್ನ ಮಶೀನು ಸಾರ್ಥಕ ಆತ ನೋಡು."

"ನನ್ನ ಧೂಳಿನ ಬಾಟ್ಲಿ ಎಲ್ಲೈತ್ರಿ ಸರ್?"

"ಅದಾ? ಪೂಜಿಗೆ ಎಲ್ಲಾ ತೊಳಿಸಿದ್ವಿ. ಕುಂಕುಮ ಹಾಕಿಡಾಕ ಬರೋಬ್ಬರಿ ಆತು." ಕಿಟಕಿಯ ಕಟ್ಟೆ ತೋರಿಸಿದರು. ನನ್ನ ಬಾಟಲಿ ಅಲ್ಲಿತ್ತು, ಕುತ್ತಿಗೆಯವರೆಗೆ ಕುಂಕುಮ. "ಧೂಳಿಗೇನು ಬರಗಾಲ ಬಂದೈತೇನ ತಂಗಿ? ಇಳಕಲ್ಲಿಗೆ ಹೋದ್ರ ಲಾರಿಗಟ್ಟಲೆ ಸಿಗತೈತಿ."

ನನಗೆ ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡೆ, ಡಿಸೆಂಬರ್ ನೆನಪಿತ್ತು. "ಸರ್, ಆದದ್ದು ಆದಂಗ ಯುನಿವರ್ಸಿಟಿಗೆ ತಿಳಿಸ್ರಿ. ಯಂತ್ರ ಕೆಟ್ಟೈತಿ, ಸ್ಯಾಂಪಲ್ ಹೋಗೈತಿ, ಇನ್ನೊಂದು ಬ್ಯಾಸಗಿ ತನಕ ಟೈಮ್ ಬೇಕು ಅಂತ ನೀವು ಗೈಡ್ ಆಗಿ ಹೇಳಿದ್ರ ಕೊಡ್ತಾರ."

"ಏನಂತ ಹೇಳ್ಲಿ? ನಾ ಪೂಜಿ ಮಾಡಿ ಕೆಡಿಸಿದೆ ಅಂತ? ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗ ನಡೀಬೇಕ ತಂಗಿ." ದನಿ ಇಳಿಸಿದರು. "ನೋಡು, ಆ ಕಲ್ಲು ಮಣ್ಣು ಬಿಟ್ಟುಬಿಡು. ಕಡೀ ಅಧ್ಯಾಯ ವಿಭೂತಿ ಮ್ಯಾಲೆ ಬರಿ. ರೀಡಿಂಗಿಗೇನು, ಜೂನದಾಗಿನವು ಅದಾವಲ್ಲ, ಅವನ್ನ ಸ್ವಲ್ಪ ಹಿಂದ ಮುಂದ ಮಾಡು. ಯಾರು ತಗದು ನೋಡ್ತಾರ? ಅಧ್ಯಕ್ಷರು ಭಾಳ ಖುಷಿ ಆಗ್ಯಾರ. ಡಿಸೆಂಬರದಾಗ ನೀ ಡಾಕ್ಟರ್, ಜೂನದಾಗ ಕಾಯಂ. ದಸರಾ ಮುಗಿಸಿಕೊಂಡು ಬಂದು ಹೇಳು."

ಕಲ್ಲಿನ ಅಳತೆಗಳನ್ನು ವಿಭೂತಿಯವು ಎಂದು ಬರೆಯಬೇಕು. ತೂಕ ಬೇರೆ, ಆಕಾರ ಬೇರೆ, ಎಲ್ಲವೂ ಬೇರೆ. ಸುಳ್ಳು ಎಂಬ ಪದವನ್ನು ಅವರು ಬಳಸಲೇ ಇಲ್ಲ, ಹಿಂದೆ ಮುಂದೆ ಎಂದರು. ನಾನು ಫೇಡೆ ಮುಟ್ಟದೆ ಎದ್ದು, ರಾತ್ರಿಯ ಬಸ್ಸಿಗೆ ಗುಳೇದಗುಡ್ಡಕ್ಕೆ ಮರಳಿದೆ.

ಮರುದಿನ ದಶಮಿ. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆ ತಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಅಂದು ಆ ಎಲೆಯೇ ಬಂಗಾರ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಕೈಗಿಟ್ಟರೆ ವರ್ಷದ ಜಗಳ ಅಲ್ಲಿಗೆ ಮುಗಿಯಬೇಕು. ಕೊಡಲು ಬಂದವರಿಗೆ ಒಲ್ಲೆ ಎನ್ನುವಂತಿಲ್ಲ. ಆಸ್ತಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರೂ ಆ ಸಂಜೆ ಬನ್ನಿ ತೆಗೆದುಕೊಂಡು, ಮರುದಿನ ಬೇಕಾದರೆ ಮತ್ತೆ ಕೋರ್ಟಿಗೆ ಹೋಗುತ್ತಾರೆ. ಅಪ್ಪನಂತೂ ಜೀವಮಾನದಲ್ಲಿ ಯಾರ ಬನ್ನಿಯನ್ನೂ ತಿರುಗಿಸಿದವನಲ್ಲ.

ಓಣಿಯಲ್ಲಿ ಹೊಸ ಬಟ್ಟೆಯ ಜನ ಮನೆಯಿಂದ ಮನೆಗೆ ಓಡಾಡುತ್ತಿದ್ದ ಹೊತ್ತಿಗೆ ನಮ್ಮ ಬಾಗಿಲ ಮುಂದೆ ದೊಡ್ಡ ಕಾರು ನಿಂತಿತು. ಹಿರೇಗೌಡರ ಸರ್ ಇಳಿದರು, ಅವರ ಹಿಂದೆ ಅಧ್ಯಕ್ಷರು. ನೇಕಾರರ ಓಣಿಗೆ ಅಂಥವರು ಬರುವುದುಂಟೇ? ಅಕ್ಕಪಕ್ಕದವರೆಲ್ಲ ಕಟ್ಟೆಗೆ ಬಂದರು. ಅವ್ವ ಗಡಬಡಿಸಿ ಚಾಪೆ ಹಾಸಿದಳು. ಇಬ್ಬರೂ ಅಪ್ಪನಿಗೆ ಬನ್ನಿ ಕೊಟ್ಟರು. ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ನಿಮ್ಮ ಮಗಳು ಭಾಳ ಶಾಣ್ಯಾಕಿ" ಎಂದರು ಅಧ್ಯಕ್ಷರು. ವಯಸ್ಸಾದ, ಮೆತ್ತನೆ ಮಾತಿನ ಮನುಷ್ಯ. "ವಿಭೂತಿ ತೇಲಿಸೋ ಕೆಲಸದಾಗ ಸರ್‌ಗೆ ಸಹಾಯ ಮಾಡ್ಯಾಳಂತ."

ಸಹಾಯ! ನಾನು ಬಾಗಿಲ ಬಳಿ ನಿಂತಿದ್ದವಳು ಮುಂದೆ ಬಂದೆ.

"ಅಧ್ಯಕ್ಷರ, ಅದು ಪವಾಡ ಅಲ್ಲರಿ. ಆ ಜಾಡಿಯೊಳಗ ಸಣ್ಣ ಪುಡಿ ಏನ್ ಹಾಕಿದ್ರೂ ಕರೆಂಟ್ ಹಿಡದು ತೇಲತೈತಿ. ಕಲ್ಲಿನ ಧೂಳು ಹಾಕಿದ್ರೂ ತೇಲತೈತಿ, ಒಲಿ ಬೂದಿ ಹಾಕಿದ್ರೂ ತೇಲತೈತಿ. ನಾ ಬ್ಯಾಸಗಿ ಇಡೀ ಕುಂತು ಸೋಸಿದ ಧೂಳು ಚೆಲ್ಲಿ, ಸರ್ ಅದರಾಗ ವಿಭೂತಿ ಹಾಕ್ಯಾರ."

ಅಧ್ಯಕ್ಷರು ಸರ್ ಮುಖ ನೋಡಿದರು. "ಏನ್ರಿ ಗೌಡ್ರ, ಈ ಹುಡುಗಿ ಏನೋ ಅನ್ನಾಕತ್ತಾಳಲ್ಲ?"

"ಹುಡುಗಿ ದಣದಾಳ್ರಿ, ತಲಿ ಬಿಸಿ ಆಗೈತಿ" ಎಂದು ಸರ್ ನಕ್ಕರು. ಆ ನಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಜೇಬಿನಿಂದ ಬನ್ನಿಯ ಟೊಂಗೆ ತೆಗೆದು ನನ್ನ ಕಡೆ ಚಾಚಿದರು. "ಹಬ್ಬದ ದಿನ ಸಿಟ್ಟು ಬ್ಯಾಡ ತಂಗಿ. ತಗೋ. ನಾವು ನೀವು ಬಂಗಾರದಂಗ ಇರೋಣ."

ಎಲ್ಲರೂ ನನ್ನ ಕೈ ನೋಡುತ್ತಿದ್ದರು. ತೆಗೆದುಕೊಂಡರೆ ಮುಗಿಯಿತು, ಎಲ್ಲಕ್ಕೂ ಹೂಂ ಎಂದಂತೆ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಅಧ್ಯಕ್ಷರನ್ನು ಕಟ್ಟಿಕೊಂಡು, ಓಣಿಯ ಜನರೆದುರು, ಬೇಡ ಎನ್ನಲಾಗದ ದಿನವನ್ನೇ ಆರಿಸಿಕೊಂಡು ಬಂದಿದ್ದರು. ಅವ್ವ ಹಿಂದಿನಿಂದ "ತಗೋಳವಾ, ತಗೋ" ಎಂದು ನನ್ನ ಸೀರೆ ಜಗ್ಗಿದಳು.

ನಾನು ಕೈ ಚಾಚಿದೆ. ಅಂಗೈ ಬಿಚ್ಚಿ ಅವರ ಮುಖದ ಮುಂದೆ ಹಿಡಿದೆ.

"ಬಂಗಾರ ನನಗ ಬ್ಯಾಡ್ರಿ ಸರ್. ನನ್ನ ಧೂಳು ನನಗ ಕೊಡ್ರಿ."

ಸರ್ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಟೊಂಗೆಯನ್ನು ಕಟ್ಟೆಯ ಮೇಲಿಟ್ಟು, ಬರ್ತೀವಿ ಎಂದೂ ಹೇಳದೆ ಕಾರು ಹತ್ತಿದರು. ಅಧ್ಯಕ್ಷರು ಒಮ್ಮೆ ತಿರುಗಿ ನೋಡಿದರು, ಅಷ್ಟೇ. ಜನ ಚದುರಿದ ಮೇಲೆ ಅವ್ವ ಅಳುತ್ತ ಒಳಗೆ ಹೋದಳು. ಅಪ್ಪ ತನ್ನ ಕೈಯಲ್ಲಿದ್ದ ಎಲೆಗಳನ್ನು ನೋಡುತ್ತ ಕೂತಿದ್ದ.

"ನಾ ತಗೊಂಡೆವಾ" ಎಂದ. "ಬಾಗಿಲಿಗೆ ಬಂದವರಿಗೆ ಒಲ್ಲೆ ಅನ್ನಾಕ ನನಗ ಬರಂಗಿಲ್ಲ. ನೀ ಅಂದಿ. ಅನಬೇಕಾಗಿತ್ತು."

ಡಿಸೆಂಬರಿನಲ್ಲಿ ನನ್ನ ನೋಂದಣಿ ರದ್ದಾಯಿತು. ಮುಂದಿನ ಜೂನಿಗೆ ಅತಿಥಿಯಾಗಿಯೂ ನನ್ನನ್ನು ಕರೆಯಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು, ಆಮೇಲೆ ಇಳಕಲ್ಲಿನ ಈ ಪಿಯು ಕಾಲೇಜಿಗೆ ಬಂದೆ. ಒಂದು ಎಲೆ ತಗೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳುವವರು ಈಗಲೂ ಇದ್ದಾರೆ. ಮೂಲೆ ಚೂಪಿನ ಸಣ್ಣ ಕಣ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಗೊತ್ತಿಲ್ಲದೆ ನಾನು ಎಷ್ಟು ರಾತ್ರಿ ಹೊರಳಾಡಿದ್ದೇನೆಂದು ಅವರಿಗೆ ಹೇಗೆ ಹೇಳಲಿ? ಹಿರೇಗೌಡರ ಸರ್ ನಿವೃತ್ತರಾಗಿದ್ದಾರೆ. ಪ್ರತಿ ದಸರೆಗೂ ಯಾರದಾದರೂ ಕೈಯಲ್ಲಿ ಬನ್ನಿ ಕಳಿಸುತ್ತಾರೆ, ತಂಗಿಯ ಸಿಟ್ಟು ಇಳಿಯಿತೇನು ಎಂದು ಕೇಳಿಸುತ್ತಾರೆ. ಧೂಳು ಕಳಿಸಿದ್ದಾರೇನು ಎಂದು ಕೇಳಿ ಬನ್ನಿಯನ್ನು ತಿರುಗಿ ಕಳಿಸುತ್ತೇನೆ.